ಸ್ಟೀರಿಂಗ್ ಬಿಗಿಯಾದ ಎರಡು ತಿಂಗಳು

ಸಂಕ್ರಮಣಕ್ಕೆ ಎರಡು ದಿನ ಇರುವಾಗ ಧಾರವಾಡದಿಂದ ಬಂದು ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ಕತ್ತಲಾಗಿತ್ತು. ಯಂಕಂಚಿಗೆ ಕರೆದೊಯ್ಯಲು ಅಪ್ಪ ಗಾಡಿ ತಂದಿದ್ದ. ಬ್ಯಾಗು ಹಿಂದೆ ಒಗೆದು ಮುಂದಿನ ಸೀಟಿನಲ್ಲಿ ಕುಳಿತೆ. ಅಪ್ಪ ಗಾಡಿ ಹೊರಳಿಸಲು ಸ್ಟೀರಿಂಗ್ ತಿರುಗಿಸಿದ್ದೇ ತಡ, ಬಾನೆಟ್ಟಿನೊಳಗಿಂದ ಒಂದು ಸದ್ದು ಬಂತು. ತಾಯಿಯಿಂದ ಬಿಡಿಸಿ ಕಟ್ಟಿದ ಕರು ರಾತ್ರಿಯಿಡೀ ಒದರುತ್ತದಲ್ಲ, ಅಂಥ ಸದ್ದು. ಸ್ಟೀರಿಂಗ್ ತಿರುಗಿದಷ್ಟೂ ಜೋರಾಗುತ್ತಿತ್ತು, ಬಿಟ್ಟರೆ ತಗ್ಗುತ್ತಿತ್ತು.

ಸದ್ದಿಗಿಂತ ನನ್ನನ್ನು ಬೆಚ್ಚಿಬೀಳಿಸಿದ್ದು ಅಪ್ಪ ಕೂತ ರೀತಿ. ಒಂದೇ ಕೈಯಲ್ಲಿ ಸ್ಟೀರಿಂಗ್ ಹೊರಳಿಸಿ, ಇನ್ನೊಂದು ಕೈಯಲ್ಲಿ ಎಲೆ ಅಡಿಕೆ ಚೀಲ ಹುಡುಕುತ್ತಿದ್ದ ಮನುಷ್ಯ ಆತ. ಈಗ ಎರಡೂ ಕೈಯಿಂದ ಜಗ್ಗುತ್ತಿದ್ದ. ಸೀಟಿನಿಂದ ಅರ್ಧ ಎದ್ದಿದ್ದ. ಹೊಲದ ಅಂಚಿನ ಕಲ್ಲು ಮೀಟುವಾಗ ಮುಖ ಹೇಗಾಗುತ್ತದೋ ಹಾಗಾಗಿತ್ತು.

‘ಏನಾಗ್ಯದ ಅಪ್ಪಾ, ಇಷ್ಟ್ಯಾಕ ಒದರ್ತದ?’

‘ಏನಿಲ್ಲ ಬಿಡು. ಥಂಡಿಗಿ ಹಂಗ ಮಾಡ್ತದ.’

ಅದು ಪೂರ್ತಿ ಸುಳ್ಳಲ್ಲ. ಥಂಡಿಗೆ ಎಣ್ಣೆ ದಪ್ಪಗಾಗಿ ಮುಂಜಾನೆ ಗಾಡಿ ಚಾಲೂ ಮಾಡಿದಾಗ ಪವರ್ ಸ್ಟೀರಿಂಗ್ ಪಂಪು ತುಸು ಸದ್ದು ಮಾಡುವುದುಂಟು. ಆದರೆ ಅಪ್ಪ ಮನೆಯಿಂದ ಸಿಂದಗಿವರೆಗೆ ಗಾಡಿ ಓಡಿಸಿಕೊಂಡೇ ಬಂದಿದ್ದ, ಎಂಜಿನ್ ಬಿಸಿಯಾಗಿತ್ತು. ಊರ ಹೊರಗಿನ ರಸ್ತೆಗೆ ಬಿದ್ದ ಮೇಲೆ ಸದ್ದೂ ಇಲ್ಲ, ಜಗ್ಗಾಟವೂ ಇಲ್ಲ. ನಾನೂ ಸುಮ್ಮನಾದೆ. ರಾತ್ರಿ ಊಟವಾದ ಮೇಲೆ ಅವ್ವ ಹಂಚಿನ ಮೇಲೆ ಉಪ್ಪು ಬಿಸಿ ಮಾಡಿ, ಅರಿವೆಯಲ್ಲಿ ಗಂಟು ಕಟ್ಟಿ ಅಪ್ಪನ ಬಲ ಭುಜಕ್ಕೆ ಒತ್ತುತ್ತಿದ್ದಳು. ಕೇಳಿದರೆ, ‘ದೀಪಾವಳಿ ಆದಾಗಿಂದ ಹಿಂಗೇ ನಡದದ. ನಿನಗ ಹೇಳಬ್ಯಾಡ ಅಂದಾರ’ ಅಂದಳು.

ನಮ್ಮದು 2007ರ ಮಾದರಿಯ ಡೀಸೆಲ್ ಗಾಡಿ, ಹಳದಿ ಬೋರ್ಡು. ಅಪ್ಪ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದು. ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ. ಆ ಕಾಲದ ಸುಮೋ, ಕ್ವಾಲಿಸ್, ಸ್ಕಾರ್ಪಿಯೊ, ಹೀಗೆ ಪವರ್ ಸ್ಟೀರಿಂಗ್ ಇದ್ದ ದೊಡ್ಡ ಗಾಡಿಗಳಲ್ಲೆಲ್ಲ ಎಣ್ಣೆಯ ಒತ್ತಡದ ವ್ಯವಸ್ಥೆಯೇ ಇತ್ತು. ಮದುವೆಗೆ ಜನರನ್ನು ಒಯ್ಯುವುದು, ವಿಜಯಪುರದ ದವಾಖಾನೆಗೆ ಪೇಷಂಟ್ ಕರೆದೊಯ್ಯುವುದು, ಅಮಾವಾಸ್ಯೆಗೆ ಘತ್ತರಗಿ, ಗಾಣಗಾಪುರ, ಇವೇ ಅದರ ದುಡಿಮೆ. ಎರಡೆಕರೆ ಎರಿ ಹೊಲದ ತೊಗರಿ ಕೈಕೊಟ್ಟ ವರ್ಷವೂ ನನ್ನ ಡಿಗ್ರಿ ನಿಂತಿಲ್ಲ ಎಂದರೆ ಅದಕ್ಕೆ ಈ ಗಾಡಿಯೇ ಕಾರಣ.

ಮರುದಿನ ಮುಂಜಾನೆ ಗಾಡಿ ತೊಳೆಯುವ ನೆಪ ಮಾಡಿ ಬಾನೆಟ್ಟು ಎತ್ತಿದೆ. ಪವರ್ ಸ್ಟೀರಿಂಗ್ ಎಣ್ಣೆಯ ಡಬ್ಬಿಯಲ್ಲಿ ಎಣ್ಣೆ ಕೆಳಗಿನ ಗೆರೆಗಿಂತಲೂ ಕೆಳಗಿತ್ತು. ಕೆಂಪಗಿರಬೇಕಾದದ್ದು ಚಹಾದ ಗಸಿಯ ಬಣ್ಣಕ್ಕೆ ತಿರುಗಿತ್ತು, ಮೇಲೆ ನೊರೆ. ಪಂಪಿನ ಕೆಳಗೆ ಮಣ್ಣು ಮೆತ್ತಿಕೊಂಡು ಜಿಡ್ಡುಗಟ್ಟಿತ್ತು. ಹಿಂದಿನ ಸೀಟಿನ ಕೆಳಗೆ ಕೈಹಾಕಿದರೆ ಐದು ಖಾಲಿ ಬಾಟಲಿ ಸಿಕ್ಕವು. ಎರಡು ತಿಂಗಳಿಂದ ಅಪ್ಪ ಎಣ್ಣೆ ಸುರಿಯುತ್ತ, ಅದು ಸೋರುತ್ತ, ಮತ್ತೆ ಸುರಿಯುತ್ತ ಗಾಡಿ ಓಡಿಸಿದ್ದಾನೆ.

ಈ ಪಂಪು ಏನು ಮಾಡುತ್ತದೆ ಎಂದು ನಾನು ಸರಿಯಾಗಿ ತಿಳಿದುಕೊಂಡದ್ದು ಆ ವಾರವೇ. ಬಿ.ಎಸ್ಸಿ. ಓದುವಾಗ ಪಾಸ್ಕಲನ ನಿಯಮ ಬರೆದು ಅಂಕ ತೆಗೆದುಕೊಂಡಿದ್ದೆ, ಅದು ನಮ್ಮ ಅಂಗಳದಲ್ಲೇ ನಿಂತಿದೆ ಎಂದು ಹೊಳೆದಿರಲಿಲ್ಲ. ಎಂಜಿನ್ ತಿರುಗಿದಾಗ ಒಂದು ಬೆಲ್ಟು ಪಂಪನ್ನೂ ತಿರುಗಿಸುತ್ತದೆ. ಪಂಪಿನೊಳಗೆ ಮೊಟ್ಟೆಯಾಕಾರದ ಒಂದು ಬಳೆ, ಅದರ ನಡುವೆ ತಿರುಗುವ ಗಾಲಿ. ಗಾಲಿಯ ಅಂಚಿನಲ್ಲಿ ಸೀಳುಗಳು, ಆ ಸೀಳುಗಳಲ್ಲಿ ಹಿಂದೆ ಮುಂದೆ ಸರಿಯುವ ಸಣ್ಣ ಉಕ್ಕಿನ ಪಟ್ಟಿಗಳು. ಗಾಲಿ ತಿರುಗಿದಾಗ ಪಟ್ಟಿಗಳು ಹೊರಕ್ಕೆ ಚಿಮ್ಮಿ ಬಳೆಯ ಗೋಡೆಗೆ ಒತ್ತಿಕೊಳ್ಳುತ್ತವೆ. ಜಾಗ ಅಗಲವಾದ ಕಡೆ ಎಣ್ಣೆ ಒಳಗೆ ಬರುತ್ತದೆ, ಇಕ್ಕಟ್ಟಾದ ಕಡೆ ಹಿಂಡಿಕೊಂಡು ಹೊರಗೆ ಹೋಗುತ್ತದೆ. ಹೀಗೆ ಹಿಂಡಿದ ಎಣ್ಣೆ ಪೈಪಿನಲ್ಲಿ ಸ್ಟೀರಿಂಗ್ ಬಾಕ್ಸಿಗೆ ಹೋಗಿ, ನಾವು ತಿರುಗಿಸಿದ ಕಡೆಗೇ ಚಕ್ರಗಳನ್ನು ನೂಕುತ್ತದೆ. ನಮ್ಮ ಕಾರಿನ ಟೈರಿನಲ್ಲಿ ಎರಡು ಬಾರ್‌ಗಿಂತ ತುಸು ಹೆಚ್ಚು ಗಾಳಿಯ ಒತ್ತಡ ಇರುತ್ತದೆ. ಸ್ಟೀರಿಂಗ್ ಪೂರ್ತಿ ಹೊರಳಿಸಿದಾಗ ಈ ಪಂಪಿನ ಒತ್ತಡ ಸಾಮಾನ್ಯವಾಗಿ 70ರಿಂದ 100 ಬಾರ್‌ವರೆಗೆ ಏರುತ್ತದೆ. ಅಷ್ಟು ಒತ್ತಡವನ್ನು ತಡೆದು ಹಿಡಿಯುವುದು ಬೆರಳಿನ ಉಂಗುರದಷ್ಟು ದೊಡ್ಡ ರಬ್ಬರ್ ಸೀಲುಗಳು.

ನಿಂತ ಗಾಡಿಯ ಚಕ್ರ ಹೊರಳಿಸುವುದು ಬಹಳ ಭಾರ, ಏಕೆಂದರೆ ಟೈರು ಉರುಳುವುದಿಲ್ಲ, ನೆಲಕ್ಕೆ ತಿಕ್ಕುತ್ತದೆ. ಅದೇ ಹೊತ್ತಿಗೆ ಎಂಜಿನ್ ನಿಧಾನ ತಿರುಗುತ್ತಿರುತ್ತದೆ, ಅಂದರೆ ಪಂಪೂ ನಿಧಾನ. ಸವೆದ ಪಂಪಿನಲ್ಲಿ ಎಣ್ಣೆ ಒಳಗೊಳಗೇ ಹಿಂದಕ್ಕೆ ನುಸುಳಿಬಿಡುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಜಗ್ಗಾಟ, ಹೆದ್ದಾರಿಯಲ್ಲಿ ಹಗುರ, ಅಪ್ಪನಿಗೆ ‘ಗಾಡಿ ನಡೀತದ’ ಎಂದು ತಳ್ಳಿಹಾಕಲು ಆಸ್ಪದ ಕೊಟ್ಟದ್ದು ಇದೇ. ಪಂಪು ಪೂರ್ತಿ ಕೆಟ್ಟರೂ ಗಾಡಿ ತಿರುಗುತ್ತದೆ ಎಂಬುದೂ ನಿಜ. ಸ್ಟೀರಿಂಗಿಗೂ ಚಕ್ರಕ್ಕೂ ಕಬ್ಬಿಣದ ಸಂಬಂಧ ಇದ್ದೇ ಇರುತ್ತದೆ, ಹೋಗುವುದು ಸಹಾಯ ಮಾತ್ರ. ಆದರೆ ಏಳೆಂಟು ಜನರನ್ನು ಕೂರಿಸಿಕೊಂಡು, ತಿರುವಿನಲ್ಲಿ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದಾಗ ಆ ಸಹಾಯ ಥಟ್ಟನೆ ಕೈಬಿಟ್ಟರೆ? ಆ ಎರಡು ತಿಂಗಳಲ್ಲಿ ಅಪ್ಪ ಎಷ್ಟು ಸಲ ವಿಜಯಪುರಕ್ಕೆ ಪೇಷಂಟ್ ಒಯ್ದಿದ್ದ ಎಂದು ಲೆಕ್ಕ ಹಾಕಿ ನನಗೆ ನಡುಕ ಬಂತು.

ಎಣ್ಣೆಯ ಒತ್ತಡದಿಂದ ಸ್ಟೀರಿಂಗ್ ಹಗುರ ಮಾಡುವ ಈ ಉಪಾಯಕ್ಕೆ ನೂರು ವರ್ಷವಾಗುತ್ತ ಬಂತು. ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ 1926ರಲ್ಲೇ ಕಾರಿಗೆ ಅಳವಡಿಸಿ ತೋರಿಸಿದ್ದರು. ಅವರು ಪಿಯರ್ಸ್ ಆ್ಯರೋ ಕಂಪನಿಯಲ್ಲಿ ಟ್ರಕ್ಕುಗಳ ಕೆಲಸ ನೋಡಿದವರು. ಭಾರದ ಟ್ರಕ್ಕಿನ ಸ್ಟೀರಿಂಗ್ ಹೊರಳಿಸುವುದು ಎಂಥ ಕಷ್ಟ ಎಂಬುದು ಅವರಿಗೆ ಗೊತ್ತಿತ್ತು. ಆದರೆ ಖರ್ಚು ಹೆಚ್ಚೆಂದು ಕಾರು ಕಂಪನಿಗಳು ತೆಗೆದುಕೊಳ್ಳಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಮಿಲಿಟರಿ ಗಾಡಿಗಳಿಗೆ ಬಂದು, ಅಂಗಡಿಯಲ್ಲಿ ಕೊಳ್ಳಬಹುದಾದ ಕಾರಿಗೆ ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಕಾರಿನಲ್ಲಿ. ಒಬ್ಬ ಮನುಷ್ಯನ ಭುಜ ಉಳಿಸುವ ಯಂತ್ರ 25 ವರ್ಷ ಕಾಯಬೇಕಾಯಿತು.

ಸಂಕ್ರಮಣ ಮುಗಿದ ಮರುದಿನ ಗಾಡಿಯನ್ನು ಶಹರದ ಒಂದು ದೊಡ್ಡ ಗ್ಯಾರೇಜಿಗೆ ಒಯ್ದೆವು. ಕೌಂಟರಿನಲ್ಲಿದ್ದ ಹುಡುಗ ಸ್ಟೀರಿಂಗ್ ಎರಡು ಸಲ ಹೊರಳಿಸಿ, ಬಾನೆಟ್ಟು ಎತ್ತಿ, ಮೊಬೈಲಿನಲ್ಲಿ ಲೆಕ್ಕ ಮಾಡಿ ತೋರಿಸಿದ. ಪಂಪು ಹೊಸದು, ಸ್ಟೀರಿಂಗ್ ಬಾಕ್ಸ್ ಹೊಸದು, ಪೈಪು, ಬೆಲ್ಟು, ಮಜೂರಿ, ಎಲ್ಲ ಸೇರಿ 31 ಸಾವಿರ. ಪಂಪು ಬಿಚ್ಚಿ ನೋಡಿದ್ದರೇನು? ಇಲ್ಲ. ಎಣ್ಣೆ ಎಲ್ಲಿಂದ ಸೋರುತ್ತದೆ ಎಂದು ಒರೆಸಿ ನೋಡಿದ್ದರೇನು? ಅದೂ ಇಲ್ಲ. ‘ಹಳೇ ಗಾಡಿ, ಬಿಚ್ಚಿದ್ರ ಒಂದಕ್ಕೊಂದು ಹತ್ತತದ. ಎಲ್ಲಾ ಒಮ್ಮೆ ಬದ್ಲಿ ಮಾಡೋದು ಚಲೋ’ ಎಂದ. ಆ ಹುಡುಗನದು ಪೂರ್ತಿ ತಪ್ಪೆಂದೂ ನಾನು ಹೇಳಲಾರೆ. ಬಿಚ್ಚಿ ನೋಡಲು ಅರ್ಧ ದಿನ ಬೇಕು, ಅರ್ಧ ದಿನಕ್ಕೆ ನಾವು ಎಷ್ಟು ಕೊಡುತ್ತೇವೆ?

ನನ್ನ ಬ್ಯಾಗಿನಲ್ಲಿ 15 ಸಾವಿರ ಇತ್ತು. ಧಾರವಾಡದ ಕೋಚಿಂಗಿನ ಎರಡನೇ ಕಂತು, ಹಬ್ಬಕ್ಕೆ ಬಂದಾಗ ಅಪ್ಪನೇ ಕೈಗೆ ಕೊಟ್ಟಿದ್ದು. ಫೆಬ್ರುವರಿಯಲ್ಲಿ ಗಾಡಿಯ ಎಫ್‌ಸಿ. ಹಳದಿ ಬೋರ್ಡಿನ ಹಳೆಯ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಆಗಬೇಕು, ಸ್ಟೀರಿಂಗ್ ಕೂಡ ನೋಡುತ್ತಾರೆ. ಎಫ್‌ಸಿ ಇಲ್ಲದೆ ಬಾಡಿಗೆ ಇಲ್ಲ, ಬಾಡಿಗೆ ಇಲ್ಲದೆ ಮೂರನೇ ಕಂತಿಲ್ಲ. ದೇವರ ಹಿಪ್ಪರಗಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ‘ಈ ರೊಕ್ಕ ಗಾಡಿಗಿ ಹಾಕೂಣು’ ಎಂದೆ. ಅಪ್ಪ ಬಸಿಯಲ್ಲಿ ಚಹಾ ಸುರಿದುಕೊಂಡು, ‘ನೀ ಫೀ ಕಟ್ಟು. ಗಾಡಿ ನಡೀತದ’ ಎಂದ. ಅದೇ ಮಾತು ಮತ್ತೆ.

ಸಿಂದಗಿಯಲ್ಲಿ ಒಬ್ಬ ಹಳೆಯ ಮಿಸ್ತ್ರಿ ಇದ್ದಾರೆ. ನಾವೆಲ್ಲ ಚಾಚಾ ಎನ್ನುತ್ತೇವೆ. ತಗಡಿನ ಶೆಡ್ಡು, ಬೋರ್ಡು ಕೂಡ ಇಲ್ಲ. ಶಹರಕ್ಕೆ ಹೋಗುವ ಮೊದಲೇ ಇವರ ಹತ್ತಿರ ಯಾಕೆ ಬರಲಿಲ್ಲ ಎಂದರೆ, ಅಪ್ಪನಿಗೆ ಅವರದು ಹಿಂದಿನ ಬಾಕಿ ಇತ್ತು. ಮರಳುವಾಗ ನಾನೇ ಹಟ ಹಿಡಿದು ಅಲ್ಲಿ ನಿಲ್ಲಿಸಿದೆ.

ಚಾಚಾ ಮೊದಲು ಬೆಲ್ಟು ಒತ್ತಿ ನೋಡಿದರು, ಸಡಿಲಿದ್ದರೂ ಸ್ಟೀರಿಂಗ್ ಹೀಗೇ ಭಾರವಾಗುತ್ತದಂತೆ. ಅದು ಬಿಗಿಯಾಗಿತ್ತು. ಎಂಜಿನ್ ಚಾಲೂ ಇಟ್ಟು ನನಗೆ ಸ್ಟೀರಿಂಗ್ ಹೊರಳಿಸಲು ಹೇಳಿ ತಾವು ಪಂಪಿನ ಹತ್ತಿರ ಕಿವಿ ಕೊಟ್ಟು ನಿಂತರು. ಎಣ್ಣೆ ಎಲ್ಲಿ ಜಿನುಗುತ್ತದೆ ನೋಡೋಣವೆಂದು ನಾನು ಪೈಪಿನ ಕಡೆ ಕೈ ಚಾಚಿದಾಗ ಹೊಡೆದಂತೆ ತಳ್ಳಿದರು. ಚಾಲೂ ಇರುವಾಗ ಆ ಒತ್ತಡದ ಎಣ್ಣೆ ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮಿದರೂ ಚರ್ಮ ತೂರಿ ಒಳಗೆ ಹೋಗುತ್ತದೆ, ಗಾಯ ಸಣ್ಣದು ಕಂಡರೂ ಬೆರಳು ಕಳೆದುಕೊಂಡವರಿದ್ದಾರೆ. ಸೋರುವ ಜಾಗ ಹುಡುಕಬೇಕಾದರೆ ಎಂಜಿನ್ ಬಂದ್ ಮಾಡಿ, ಎಲ್ಲ ಒರೆಸಿ, ಕೆಳಗೆ ರಟ್ಟು ಹಾಸಿ, ಆಮೇಲೆ ಸ್ವಲ್ಪ ಹೊತ್ತು ಚಾಲೂ ಇಟ್ಟು, ಮತ್ತೆ ಬಂದ್ ಮಾಡಿ ನೋಡಬೇಕು. ಸ್ಟೀರಿಂಗನ್ನು ಪೂರ್ತಿ ಹೊರಳಿಸಿ ಹಾಗೇ ಹಿಡಿದುಕೊಂಡು ನಿಲ್ಲಬಾರದು ಎಂದೂ ಬೈದರು. ಆಗ ಎಣ್ಣೆಗೆ ಹೋಗಲು ದಾರಿಯಿಲ್ಲದೆ ಒಳಗೇ ಸುತ್ತಿ ಕಾಯುತ್ತದೆ. ಸಂತೆಯಲ್ಲಿ ಗಾಡಿ ಹೊರಳಿಸುವಾಗ ನಾವೆಲ್ಲ ಮಾಡುವುದು ಅದನ್ನೇ.

ಡಬ್ಬಿಯಿಂದ ಎಣ್ಣೆ ಬಸಿದು, ಪಂಪು ಬಿಚ್ಚಿ, ಡೀಸೆಲ್‌ನಲ್ಲಿ ತೊಳೆದು ಹಳೆಯ ಪೇಪರಿನ ಮೇಲೆ ಒಂದೊಂದೇ ಭಾಗ ಇಟ್ಟರು. ಉಕ್ಕಿನ ಪಟ್ಟಿಗಳು ಸವೆದಿದ್ದವು, ಆದರೆ ಹಾಳಾಗಿರಲಿಲ್ಲ. ಬಳೆಯ ಗೋಡೆಯಲ್ಲಿ ಉಗುರಿಗೆ ಹತ್ತದಷ್ಟು ಸಣ್ಣ ಗೀರು. ಕೊನೆಗೆ ಸೀಲು ತೆಗೆದು ಅಂಗೈಯಲ್ಲಿ ಇಟ್ಟುಕೊಂಡರು. ನೆನೆಹಾಕಿದ ಕಡಲೆಕಾಳಿನ ಹಾಗೆ ಉಬ್ಬಿತ್ತು. ಹಿಸುಕಿದರೆ ಮೆತ್ತಗೆ.

‘ಇದು ಸವದದ್ದಲ್ಲ. ಇದರಾಗ ಬ್ರೇಕ್ ಆಯಿಲ್ ಬಿದ್ದದ. ಯಾರು ಹಾಕ್ಯಾರ?’

ನನಗೆ ಆ ಕ್ಷಣವೇ ನೆನಪಾಯಿತು. ದಸರಾ ರಜೆಗೆ ಬಂದಾಗ ಗಾಡಿ ತೊಳೆದಿದ್ದೆ. ಎಲ್ಲ ಡಬ್ಬಿಗಳ ಮುಚ್ಚಳ ತೆಗೆದು ನೋಡಿ, ಒಂದರಲ್ಲಿ ಎಣ್ಣೆ ಕಡಿಮೆ ಕಂಡು, ಡಿಕ್ಕಿಯಲ್ಲಿದ್ದ ಅರ್ಧ ಬಾಟಲಿಯನ್ನು ಸುರಿದಿದ್ದೆ. ಬಾಟಲಿ ಮೇಲೆ ಏನು ಬರೆದಿದೆ ಎಂದು ಓದಿರಲಿಲ್ಲ. ಅಪ್ಪನಿಗೆ ಹೇಳಿ ಶಭಾಸ್ ಅನ್ನಿಸಿಕೊಂಡಿದ್ದೆ ಬೇರೆ. ಬ್ರೇಕಿನ ಎಣ್ಣೆ ನೋಡಲು ಎಣ್ಣೆಯಂತೆ ಕಂಡರೂ ಅದರ ಜಾತಿಯೇ ಬೇರೆ, ಗ್ಲೈಕಾಲ್‌ನಿಂದ ಮಾಡಿದ್ದು. ಅದಕ್ಕೆ ತಾಳುವ ರಬ್ಬರ್ ಬೇರೆ. ಪವರ್ ಸ್ಟೀರಿಂಗಿನ ಸೀಲು ಪೆಟ್ರೋಲಿಯಂ ಎಣ್ಣೆಗೆಂದು ಮಾಡಿದ್ದು, ಗ್ಲೈಕಾಲ್ ತಗುಲಿದರೆ ಉಬ್ಬಿ ಕೆಡುತ್ತದೆ. ಸೀಲು ಕೆಟ್ಟರೆ ಎಣ್ಣೆ ಸೋರುತ್ತದೆ, ಎಣ್ಣೆ ತಗ್ಗಿದರೆ ಪಂಪು ಗಾಳಿ ಹೀರುತ್ತದೆ, ಗಾಳಿ ಸೇರಿದರೆ ನೊರೆ ಬಂದು ಕರುವಿನಂತೆ ಒದರುತ್ತದೆ, ಎಣ್ಣೆಯ ಆಸರೆ ಇಲ್ಲದೆ ಪಟ್ಟಿಗಳು ಸವೆಯುತ್ತವೆ. ಇದರ ಉಲ್ಟಾ ಮಾಡಿದ್ದರೆ, ಅಂದರೆ ಸ್ಟೀರಿಂಗ್ ಎಣ್ಣೆಯನ್ನು ಬ್ರೇಕಿನ ಡಬ್ಬಿಗೆ ಸುರಿದಿದ್ದರೆ, ಬ್ರೇಕಿನ ರಬ್ಬರ್ ಕೆಟ್ಟು ಬ್ರೇಕೇ ಹಿಡಿಯುತ್ತಿರಲಿಲ್ಲ. ಅದನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ನಾನು ಬಾಯಿ ತೆರೆಯುವುದರೊಳಗೆ ಅಪ್ಪ, ‘ನಾನೇ ಹಾಕೀನಿ ಚಾಚಾ. ಕತ್ತಲಾಗ ಬಾಟ್ಲಿ ಅದಲಿ ಬದಲಿ ಆಗ್ಯದ’ ಎಂದ.

ಚಾಚಾ ಅಪ್ಪನಿಗೆ ಬೈದರು. ‘ಇಪ್ಪತ್ತು ವರ್ಷ ಆತು ಸ್ಟೀರಿಂಗ್ ಹಿಡದು, ಅಷ್ಟೂ ತಿಳಿಯಂಗಿಲ್ಲೇನು?’ ಅಪ್ಪ ತಲೆ ತಗ್ಗಿಸಿ ನಿಂತಿದ್ದ. ಆಗಲಾದರೂ ನಾನು ಹೇಳಬೇಕಿತ್ತು. ಶೆಡ್ಡಿನಲ್ಲಿ ಪರಿಚಯದ ಮೂರ್ನಾಲ್ಕು ಜನ ಡ್ರೈವರ್‌ಗಳಿದ್ದರು, ನನಗೆ ನಾಚಿಕೆಯಾಯಿತು. ಹೇಳಲಿಲ್ಲ.

ಕೆಲಸ ಎರಡು ದಿನ ಹಿಡಿಯಿತು. ಸೀಲ್ ಕಿಟ್ಟು ವಿಜಯಪುರದಿಂದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ತರಿಸಿದೆವು. ಪಂಪಿಗೆ ಮರಳಿ ಬರುವ ರಬ್ಬರ್ ಪೈಪೂ ಮೆತ್ತಗಾಗಿತ್ತು, ಬದಲಿಸಿದೆವು. ಹಳೆಯ ಎಣ್ಣೆಯ ಒಂದು ಹನಿಯೂ ಉಳಿಯಬಾರದೆಂದು ಹೊಸ ಎಣ್ಣೆ ಹಾಕಿ ತೆಗೆದು, ಮತ್ತೆ ಹಾಕಿ ತೊಳೆದರು. ಕೊನೆಗೆ ಗಾಳಿ ತೆಗೆಯುವ ಕೆಲಸ. ಅದು ತಾಳ್ಮೆಯದು. ಮುಂದಿನ ಎರಡೂ ಚಕ್ರ ನೆಲ ಬಿಡುವಂತೆ ಜಾಕ್ ಎತ್ತಿ ಸ್ಟ್ಯಾಂಡ್ ಕೊಟ್ಟು, ಎಂಜಿನ್ ಚಾಲೂ ಮಾಡದೆ, ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನ ಹೊರಳಿಸಬೇಕು. ನಾನು ಹೊರಳಿಸುತ್ತಿದ್ದೆ, ಅಪ್ಪ ಡಬ್ಬಿಯಲ್ಲಿ ಏಳುವ ಗುಳ್ಳೆ ನೋಡುತ್ತ ಎಣ್ಣೆ ಹಾಕುತ್ತಿದ್ದ. ಇಪ್ಪತ್ತು ಸಲ ಆದ ಮೇಲೂ ಗುಳ್ಳೆ. ಮೂವತ್ತು ಸಲಕ್ಕೆ ನನ್ನ ಭುಜ ಹಿಡಿದುಕೊಂಡಿತು. ಚಕ್ರ ಗಾಳಿಯಲ್ಲಿದ್ದಾಗಲೇ ಹೀಗಾದರೆ, ನೆಲಕ್ಕೆ ಊರಿ ನಿಂತ, ಜನ ತುಂಬಿದ ಗಾಡಿಯನ್ನು ಅಪ್ಪ ದಿನಕ್ಕೆಷ್ಟು ಸಲ ಹೊರಳಿಸಿದ್ದಾನೋ!

ಗುಳ್ಳೆ ನಿಂತ ಮೇಲೆ ಎಂಜಿನ್ ಚಾಲೂ ಮಾಡಿದೆವು. ಒಂದು ಕ್ಷಣ ಗುರ್ ಎಂದು ಆಮೇಲೆ ಸದ್ದಡಗಿತು.

ಎಲ್ಲ ಸೇರಿ 3,400 ರೂಪಾಯಿ. ಹಿಂದಿನ ಬಾಕಿ ಬೇರೆ, ಅದನ್ನು ಚಾಚಾ ಆ ದಿನ ಎತ್ತಲಿಲ್ಲ. ಗ್ಯಾರಂಟಿ ಕೊಡಲಿಲ್ಲ. ‘ಪಂಪು ಸವದದ, ವರ್ಷ ನಡದರ ನಡೀತದ. ಆ ಎಣ್ಣಿ ಸ್ಟೀರಿಂಗ್ ಬಾಕ್ಸಿಗೂ ಹೋಗ್ಯದ, ಅಲ್ಲಿನ ಸೀಲು ಯಾವಾಗರೆ ಕೈಕೊಡಬಹುದು’ ಎಂದರು. ಮಾರ್ಚಿನಲ್ಲಿ ಹಾಗೇ ಆಯಿತು, ಮತ್ತೆ 2,800 ಹೋಯಿತು. ಎಫ್‌ಸಿ ಮಾತ್ರ ಫೆಬ್ರುವರಿಯಲ್ಲೇ ಆಗಿತ್ತು.

ಚಾಚಾನ ಶೆಡ್ಡಿನಲ್ಲಿ ಕಳೆದ ಆ ಎರಡು ದಿನದಲ್ಲಿ ನನಗೆ ಹೊಳೆದ ಇನ್ನೊಂದು ಸಂಗತಿ. ಅವರ ಕೈಕೆಳಗೆ ಕಲಿಯುವ ಹುಡುಗರೇ ಇಲ್ಲ. ಹೊಸ ಕಾರುಗಳಲ್ಲಿ ಈ ಪಂಪೇ ಇಲ್ಲ, ಕರೆಂಟಿನ ಮೋಟರ್ ಸ್ಟೀರಿಂಗ್ ಹೊರಳಿಸುತ್ತದೆ. ಜಪಾನಿನ ಸುಜುಕಿ 1988ರಲ್ಲಿ ಸಣ್ಣ ಕಾರೊಂದಕ್ಕೆ ಅಳವಡಿಸಿದ ಆ ಪದ್ಧತಿ ಈಗ ಬಹುತೇಕ ಎಲ್ಲ ಹೊಸ ಕಾರಿಗೂ ಬಂದಿದೆ. ಎಣ್ಣೆ ಸೋರುವ ಚಿಂತೆ ಇಲ್ಲ, ಕೆಟ್ಟರೆ ಕಂಪ್ಯೂಟರ್ ಹಚ್ಚಿ ನೋಡಬೇಕು. ‘ನನಗ ಅದು ಬರಂಗಿಲ್ಲ, ಹೊಸ ಹುಡುಗರಿಗೆ ಇದು ಬರಂಗಿಲ್ಲ’ ಎಂದು ಚಾಚಾ ನಕ್ಕರು. ಆದರೆ ನಮ್ಮ ತಾಲ್ಲೂಕಿನಲ್ಲಿ ಓಡುವ ಬಾಡಿಗೆ ಗಾಡಿಗಳಲ್ಲಿ ಹಳೆಯವೇ ಹೆಚ್ಚು. ಐಟಿಐನಲ್ಲಿ ಮೋಟಾರ್ ವೆಹಿಕಲ್ ಮೆಕ್ಯಾನಿಕ್ ಕೋರ್ಸು ಎರಡು ವರ್ಷದ್ದು, ಎರಡೂ ಬಗೆಯನ್ನು ಬಲ್ಲ ಒಬ್ಬ ಹುಡುಗ ಸಿಂದಗಿಯಲ್ಲಿ ಶೆಡ್ಡು ಹಾಕಿದರೆ ಎಫ್‌ಡಿಎ ಕಟ್ಆಫ್‌ಗಾಗಿ ನನ್ನ ಹಾಗೆ ಕಾಯಬೇಕಿಲ್ಲ ಎನಿಸಿತು. ಹೀಗೆ ಹೇಳುತ್ತ ನಾನು ಧಾರವಾಡಕ್ಕೇ ಮರಳಿದೆ ಎನ್ನುವುದೂ ಖರೆ. ಉಳಿದ ರೊಕ್ಕದಲ್ಲಿ ಅರ್ಧ ಕಂತು ಕಟ್ಟಿ, ಇನ್ನರ್ಧಕ್ಕೆ ಗಡುವು ಕೇಳಿ, ಸಂಜೆ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಹಿಡಿದೆ.

ಅಪ್ಪನಿಗೆ ಹೇಳಬೇಕಿದ್ದದ್ದನ್ನು ಶೆಡ್ಡಿನಿಂದ ಊರಿಗೆ ಮರಳುವಾಗ ಹೇಳಿದೆ. ಗಾಡಿ ನಾನೇ ಓಡಿಸುತ್ತಿದ್ದೆ. ಎರಡೂ ಬದಿ ಬಿಳಿಜೋಳ ತೆನೆಗೆ ಬಂದಿತ್ತು. ‘ಅಪ್ಪಾ, ಬ್ರೇಕ್ ಆಯಿಲ್ ನಾ ಹಾಕಿದ್ದೆ.’

‘ಗೊತ್ತದ’ ಎಂದ. ‘ದೀಪಾವಳಿಗಿ ಡಿಕ್ಕಿ ಝಾಡಿಸುವಾಗ ಖಾಲಿ ಬಾಟ್ಲಿ ಸಿಕ್ಕಿತ್ತು.’

‘ಮತ್ತ ಆವಾಗೇ ಮಿಸ್ತ್ರಿ ಕಡೆ ಯಾಕ ಹೋಗಲಿಲ್ಲ?’

‘ನಿನ್ನ ರೂಮಿನ ಅಡ್ವಾನ್ಸ್ ಕೊಡೋದಿತ್ತು’ ಎಂದು ಕಿಟಕಿಯಾಚೆ ಮುಖ ಹೊರಳಿಸಿದ. ಸ್ವಲ್ಪ ಹೊತ್ತಿನ ಮೇಲೆ ತಾನೇ, ‘ತಿರುವಿನ್ಯಾಗ ಇಷ್ಟು ಜೋರ ಹೊರಳಿಸಬ್ಯಾಡ, ಈಗ ಹಗುರ ಆಗ್ಯದ’ ಎಂದ.

ಧಾರವಾಡಕ್ಕೆ ಹೊರಡುವ ಮುಂಜಾನೆ ಒಂದು ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ‘ಇದು ಸ್ಟೀರಿಂಗ್ ಎಣ್ಣೆ, ಬ್ರೇಕ್ ಆಯಿಲ್ ಹಾಕಬಾರದು’ ಎಂದು ಬರೆದು, ಮೇಲೆ ಟೇಪು ಸುತ್ತಿ ಡಬ್ಬಿಗೆ ಅಂಟಿಸಿದೆ. ಅಪ್ಪ ಪಕ್ಕದಲ್ಲಿ ನಿಂತು ಪೂರ್ತಿ ಓದಿ, ಬಾನೆಟ್ಟು ಇಳಿಸುತ್ತ ಕೇಳಿದ:

‘ಇದು ಡಿಗ್ರಿ ಆದವರಿಗಿ ಬರದದ್ದೇನು?’